ಕತ್ತರಿಸಿದ ಬೆಲ್ಟ್

ಕಾಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯುದ್ಧಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವಾಗ ಹೋದದ್ದಂತೆ. ಬರಿಯ ಚರ್ಮದ ಆ ತುದಿಯನ್ನು ಅವರು ಫ್ಯಾನ್ ಬೆಲ್ಟಿನ ಒಳಮೈ ಮೇಲೆ ನಿಧಾನವಾಗಿ ಎಳೆಯುತ್ತಿದ್ದರು, ಕಣ್ಣು ಮುಚ್ಚಿಕೊಂಡು. "ಉಗುರಿದ್ದವರಿಗೆ ಒಳಗಿನ ಬಿರುಕು ಗೊತ್ತಾಗಲ್ಲ ರೈಟರೇ," ಎನ್ನುತ್ತಿದ್ದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮಾದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರನಾಗಿ ಸೇರಿದ್ದೆ. ಹಾಜರಿ ಪುಸ್ತಕದ ಜೊತೆಗೆ ಎಸ್ಟೇಟಿನ ಹಳೆಯ ಜೀಪನ್ನೂ ಅದರ ಮೈಲಿ ಪುಸ್ತಕವನ್ನೂ ನನಗೇ ಒಪ್ಪಿಸಿದ್ದರು. ಬರೆದಿಡುವುದು ನನಗೆ ಮೊದಲಿನಿಂದಲೂ ಇಷ್ಟ. ಎಂಟು ಸಾವಿರ ಮೈಲಿಗೆ ಬೆಲ್ಟ್ ಬದಲಿಸಬೇಕು ಎಂದು ಆ ಪುಸ್ತಕದ ಮೊದಲ ಪುಟದಲ್ಲಿ ಬರೆಸಿದವರು ಕಾಕ. ರಸ್ತೆಬದಿಯ ತಗಡಿನ ಶೆಡ್ಡಿನಲ್ಲಿ ಅವರ ರಿಪೇರಿ ಕೆಲಸ. ಊರಿನವರಿಗೆಲ್ಲ ಅವರು ಕಾಕ, ನನಗೂ.

ಎಂಟು ಸಾವಿರ ಆದಾಗ ಬದಲಿಸಲು ನನಗೆ ಮನಸ್ಸಿರಲಿಲ್ಲ. ಎಂಜಿನ್ನಿನ ಮುಂದೆ ಫ್ಯಾನನ್ನೂ ನೀರಿನ ಪಂಪನ್ನೂ ತಿರುಗಿಸುವ ಆ ರಬ್ಬರ್ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಒಂದು ಬಿರುಕೂ ಕಾಣಲಿಲ್ಲ. ಹೊಸದು ಬೇಕೆಂದರೆ ಮೈಸೂರಿನಿಂದ ಬಸ್ಸಿನಲ್ಲಿ ಬರಬೇಕು. ಇದ್ದದ್ದೊಂದೇ ಹೊಸ ಬೆಲ್ಟನ್ನು ಕಾಕ ನಮಗೆಂದು ತೆಗೆದಿಟ್ಟಿದ್ದರು. ತುಂಡಾದ ಮೇಲೆ ನೋಡೋಣ ಎಂದೆ.

"ತುಂಡಾದ ಮೇಲೆ ಯಾರು ಬೇಕಾದ್ರೂ ಬದಲಿಸ್ತಾರೆ," ಎಂದು ಅವರು ಸ್ಪ್ಯಾನರ್ ಎತ್ತಿಕೊಂಡರು.

ಬಿಚ್ಚಿದ ಬೆಲ್ಟನ್ನು ಅಲ್ಲಿಯೇ ಚಾಕುವಿನಿಂದ ಕತ್ತರಿಸುವುದು ಅವರ ಪದ್ಧತಿ. ಇಡಿಯಾಗಿ ಬಿಟ್ಟರೆ ಯಾರಿಗಾದರೂ ಅದು ಇನ್ನೂ ಚೆನ್ನಾಗಿದೆ ಎನ್ನಿಸುತ್ತದೆ ಎಂದು ಅವರ ಭಯ. ಕತ್ತರಿಸಿದ್ದನ್ನು ಗೂಟಕ್ಕೆ ತೂಗುಹಾಕುವರು. ಕೂಲಿ ಲೈನಿನ ಹೆಂಗಸರು ಸೌದೆ ಹೊರೆ ಕಟ್ಟಲು ಒಯ್ಯುವರು. "ಇನ್ನು ಇದು ಸೌದೆ ಹೊರಲಿ. ಮನುಷ್ಯರನ್ನು ಹೊರೋದು ಬೇಡ," ಎಂದು ಕಾಕ ನಗುವರು. ಆ ದಿನ ನಾನು ಚಾಕುವಿಗೆ ಅಡ್ಡ ಕೈ ಹಿಡಿದೆ. ಸ್ಪೇರ್ ಆಗಿ ಇರಲಿ ಎಂದು ಬೇಡಿದೆ. ಅವರು ಚಾಕುವನ್ನು ಗೂಟಕ್ಕೆ ಸಿಕ್ಕಿಸಿ, ಬೆಲ್ಟನ್ನು ಕೊಟ್ಟುಬಿಟ್ಟರು.

ಮೂರನೆಯ ದಿನ ಮಧ್ಯಾಹ್ನ ನನ್ನ ತಂಗಿಗೆ ಹೊಟ್ಟೆನೋವು ಶುರುವಾಯಿತು. ಮೊದಲು ಜೀರಿಗೆ ಕಷಾಯ ಕೊಟ್ಟೆವು. ಗಂಟೆಯೊಳಗೆ ಅವಳಿಗೆ ಕಾಲು ಚಾಚಲೂ ಆಗಲಿಲ್ಲ. ಅವಳನ್ನು ಜೀಪಿನ ಹಿಂದೆ ಅಮ್ಮನ ಮಡಿಲಲ್ಲಿ ಮಲಗಿಸಿ ಮಡಿಕೇರಿಗೆ ಹೊರಟೆ. ಹದಿನಾಲ್ಕು ಮೈಲಿ, ಬಹುಪಾಲು ಏರು. ಮಕ್ಕಂದೂರಿನ ಏರಿನಲ್ಲಿ ಎಂಜಿನ್ ಒಂದೇ ಸಮನೆ ದುಡಿಯಿತು. ಕಾಕ ಹಾಕಿದ್ದ ಹೊಸ ಬೆಲ್ಟಿನ ನೆನಪೇ ನನಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆಯನ್ನು ಒಮ್ಮೆ ಒತ್ತಿ ನೋಡಿ, ಕರುಳಿನ ತುದಿ ಬಾತು ಒಡೆಯುವ ಹಾಗಾಗಿದೆ ಎಂದು ನೇರ ಆಪರೇಷನ್ ಕೋಣೆಗೆ ಕಳಿಸಿದರು. ಹನ್ನೊಂದನೆಯ ದಿನ ಅವಳು ಮನೆಗೆ ಬಂದಳು.

ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ. ತೋಟದೊಳಗಿನ ಓಡಾಟಕ್ಕೆ ಹಳೆಯ ಬೆಲ್ಟ್ ಸಾಕು, ಹೊಸದರ ಮೈಲಿಗಳು ಉಳಿಯುತ್ತವೆ ಎಂದು ಲೆಕ್ಕ ಹಾಕಿದೆ. ನಾನೇ ಕೂತು ಬದಲಿಸಿ, ಮೀಟರ್ ನೋಡಿ ಬರೆದಿಟ್ಟೆ. ಎರಡನೆಯ ದಿನ ಕಾಫಿ ಒಣಗಿಸುವ ಕಣದ ಪಕ್ಕ, ಸಪಾಟು ನೆಲದಲ್ಲಿ, ಬಾನೆಟ್ಟಿನ ಕೆಳಗೆ ಚಟ್ಟೆಂದಿತು. ರೇಡಿಯೇಟರ್ ಕುದಿದು ಜೀಪು ನಿಂತಿತು. ಮೀಟರ್ ನೋಡಿದೆ. ಒಂಬತ್ತು ಮೈಲಿ ಓಡಿತ್ತು.

ನಾನು ಮೀಟರಿನ ಮುಂದೆಯೇ ಕೂತುಬಿಟ್ಟೆ. ಮಡಿಕೇರಿ ದಾರಿಯಲ್ಲಿ ನಮ್ಮ ಎಸ್ಟೇಟಿನಿಂದ ಒಂಬತ್ತನೆಯ ಮೈಲಿ ಎಂದರೆ ಮಕ್ಕಂದೂರಿನ ಏರು.

ತುಂಡಾದ ಬೆಲ್ಟನ್ನು ಕಾಕನ ಮುಂದೆ ಇಟ್ಟು ನಡೆದದ್ದೆಲ್ಲ ಹೇಳಿದೆ. "ನನ್ನ ಚಾಕು ಬೇಡ ಅಂದ್ರಿ. ಅದೇ ಕತ್ತರಿಸಿಕೊಂಡು ಬಂತು ನೋಡಿ," ಎಂದರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ಎಷ್ಟು ಓಡಿತ್ತು?"

"ಒಂಬತ್ತು."

"ಆಸ್ಪತ್ರೆಗೆ?"

"ಹದಿನಾಲ್ಕು."

ಅವರು ಆ ಹೆಬ್ಬೆರಳನ್ನು ಬಟ್ಟೆಗೆ ಒರೆಸಿಕೊಂಡರು. "ಬರೆದಿಡಿ ರೈಟರೇ," ಎಂದರು. "ಆಗದೇ ಇದ್ದದ್ದನ್ನು ಯಾರೂ ನೆನಪಿಟ್ಟುಕೊಳ್ಳಲ್ಲ. ನೀವು ಬರೆದಿಡಿ."

ನನ್ನ ಅಂದಿನ ಡೈರಿಯಲ್ಲಿ ಒಂಬತ್ತು, ಹದಿನಾಲ್ಕು ಎಂಬ ಎರಡೇ ಅಂಕಿಗಳಿವೆ.

ಈ ಮಳೆಗಾಲದಲ್ಲಿ ಕಾಕ ಜ್ವರದಲ್ಲಿ ತೀರಿಕೊಂಡರು. ಶೆಡ್ಡನ್ನು ಈಗ ಅವರ ಅಳಿಯ ನಡೆಸುತ್ತಾರೆ. ಹೋದ ವಾರ ಆ ಹೊಸ ಬೆಲ್ಟಿಗೂ ಎಂಟು ಸಾವಿರ ಮೈಲಿ ತುಂಬಿತು. ಅಳಿಯ ಬೆಲ್ಟ್ ಬಿಚ್ಚಿ ಬೆಳಕಿಗೆ ಹಿಡಿದು, ಇನ್ನೂ ಚೆನ್ನಾಗಿದೆಯಲ್ಲ, ಇಟ್ಟುಕೊಳ್ಳಿ ಎಂದರು. ಗೂಟದ ಮೇಲಿದ್ದ ಚಾಕು ಕೇಳಿ ತೆಗೆದುಕೊಂಡು ನಾನೇ ಕತ್ತರಿಸಿದೆ. ಮನೆಗೆ ತಂದ ತುಂಡಿನಿಂದ ತಂಗಿ ಸೌದೆ ಹೊರೆ ಬಿಗಿದು, ತಲೆಯ ಮೇಲಿಟ್ಟುಕೊಂಡು ನಡೆದಳು.