ಮೆಣಸಿನಕಾಯಿ ಕೈಯ ಬೆಲ್ಲದ ದೋಸೆ

ಬ್ಯಾಡಗಿಯ ಮೈಲವ್ವನ ಕೈಗಳಿಗೆ ವರ್ಷದಲ್ಲಿ ಎರಡು ಅವತಾರ. ಮಳೆಗಾಲದಿಂದ ದೀಪಾವಳಿಯವರೆಗೆ ಅವು ದೋಸೆಯ ಕೈಗಳು. ಆ ದಿನಗಳಲ್ಲಿ ಅವಳ ಹಂಚಿನ ಮೇಲೆ ಬೆಲ್ಲದ ದೋಸೆ ಚುರ್ ಎಂದರೆ ಸಾಕು, ಓಣಿಯ ಜನಕ್ಕೆಲ್ಲ ಅವಳ ಮನೆಯಲ್ಲಿ ತುರ್ತು ಕೆಲಸ ಹುಟ್ಟುತ್ತಿತ್ತು. ಒಬ್ಬರಿಗೆ ಸುತ್ತಿಗೆ ಬೇಕಾಗುತ್ತಿತ್ತು. ಇನ್ನೊಬ್ಬರಿಗೆ ಹಾವೇರಿಯ ಬಸ್ಸು ಎಷ್ಟು ಹೊತ್ತಿಗೆಂದು ತಿಳಿಯಬೇಕಾಗುತ್ತಿತ್ತು. ಸುತ್ತಿಗೆಯನ್ನು ಮರೆತು, ಬಸ್ಸನ್ನು ತಪ್ಪಿಸಿಕೊಂಡು, ಅವರೆಲ್ಲ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು.

ಮೆಣಸಿನಕಾಯಿ ಸುಗ್ಗಿ ಶುರುವಾಯಿತೋ, ಅದೇ ಜನ ಅದೇ ಕೈಗಳಿಂದ ಮಾರು ದೂರ ನಿಲ್ಲುತ್ತಿದ್ದರು. ಮೈಲವ್ವ ವರ್ತಕರೊಬ್ಬರ ಅಂಗಳದಲ್ಲಿ ರಾಶಿಯ ಮುಂದೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಬ್ಯಾಡಗಿಯ ಡಬ್ಬಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಸ್ವಭಾವದಲ್ಲಿ ಸಾಧು. ಆದರೆ ಅದರ ಮಗ್ಗುಲಲ್ಲೇ ಬಂದು ಬೀಳುವ ಗುಂಟೂರು ತಳಿಗೆ ಆ ಸೌಜನ್ಯವಿಲ್ಲ. ಅದು ಉಗುರಿನ ಸಂದಿಗೂ ಅಂಗೈಯ ಗೆರೆಗಳಿಗೂ ಇಳಿದು, ಯಾವ ಸೋಪಿಗೂ ಜಗ್ಗದೆ, ಸುಗ್ಗಿ ಮುಗಿಯುವ ತನಕ ಅಲ್ಲೇ ಬಿಡಾರ ಹೂಡುತ್ತಿತ್ತು.

ಈ ಕೈಗಳ ಪ್ರತಾಪವನ್ನು ಮೊದಲು ಅನುಭವಿಸಿದವನು ಅವಳ ಗಂಡ ಮಾಲತೇಶಪ್ಪ. ಅವನು ದರ್ಜಿ. ಒಮ್ಮೆ ಅವನ ಕಣ್ಣಿಗೆ ಧೂಳು ಬಿದ್ದಾಗ ಮೈಲವ್ವ ಪ್ರೀತಿಯಿಂದ ರೆಪ್ಪೆ ಎತ್ತಿ, ಬೆರಳ ತುದಿಯಿಂದ ಧೂಳು ತೆಗೆದಳು. ಧೂಳೇನೋ ಹೋಯಿತು. ಮಾಲತೇಶಪ್ಪ ಮಾತ್ರ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಯಾವ ರೀತಿ ಅತ್ತನೆಂದರೆ, ಅಂಗಿಗೆ ಅಳತೆ ಕೊಡಲು ಬಂದಿದ್ದ ಮೋಟೆಬೆನ್ನೂರಿನ ಗಿರಾಕಿ, ತೀರಿಹೋದವರು ಯಾರೆಂದು ಕೇಳುವ ಧೈರ್ಯವಾಗದೆ, ತಾನೂ ಪಕ್ಕದಲ್ಲಿ ಕುಳಿತು ಒಂದಿಷ್ಟು ಅತ್ತು, ಅಳತೆ ಕೊಡದೆಯೇ ಊರಿಗೆ ಮರಳಿದ.

ಆದ್ದರಿಂದ ಸುಗ್ಗಿಯಲ್ಲಿ ಮೈಲವ್ವನ ಮನೆಯಲ್ಲಿ ಬೆಲ್ಲದ ದೋಸೆ ಇಲ್ಲ. ಸೌಟಿನಿಂದ ಕಲಸಿದರಾಯಿತಲ್ಲ ಎಂದು ಯಾರಾದರೂ ಕೇಳಿದರೆ ಅವಳು ಆ ಮನುಷ್ಯನನ್ನು ಕನಿಕರದಿಂದ ನೋಡುತ್ತಿದ್ದಳು. ಅವಳ ದೋಸೆಯ ಹಿಟ್ಟು ಕೈಯಿಂದಲೇ ಬಡಿಯಬೇಕು. ಅಕ್ಕಿ, ಹಿಡಿ ಉದ್ದು, ಹಸಿ ಕೊಬ್ಬರಿ ರುಬ್ಬಿ, ಇರುಳೆಲ್ಲ ಹುದುಗಲು ಬಿಟ್ಟು, ಬೆಳಿಗ್ಗೆ ಸೋಸಿದ ಬೆಲ್ಲದ ನೀರು ಬೆರೆಸಿ, ಪಾತೇಲಿಯ ತಳ ಮುಟ್ಟುವಂತೆ ಅಂಗೈ ಬಿಟ್ಟು ಬಡಿಯುತ್ತ ಹೋದರೆ ಹಿಟ್ಟು ಬಣ್ಣ ತಿರುಗಿ, ಉಸಿರು ತುಂಬಿಕೊಂಡು ಮೇಲೇಳುತ್ತದೆ. ಆಮೇಲೆ ಬದನೆಕಾಯಿ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಹಂಚಿಗೆ ಸವರಿ ಒಂದು ಸೌಟು ಹೊಯ್ದರೆ ಮೈತುಂಬ ಕಣ್ಣು ಬಿಟ್ಟುಕೊಂಡು, ಅಂಚಿನಲ್ಲಿ ಜರಿ ಹಚ್ಚಿಕೊಂಡ ದೋಸೆ. ಸೌಟಿನಿಂದ ಕಲಸಿದ ಹಿಟ್ಟಿನ ದೋಸೆ ಸೈಕಲ್ ಟ್ಯೂಬಿಗೆ ತೇಪೆ ಹಾಕಲು ಉತ್ತಮ.

ಇದರಲ್ಲೊಂದು ರಹಸ್ಯವಿತ್ತು. ಹಿಟ್ಟು ಬಡಿಯುವಾಗ ಮೈಲವ್ವ ಅಡುಗೆಮನೆಯ ಕದ ಹಾಕಿ ಚಿಲಕ ಜಡಿಯುತ್ತಿದ್ದಳು. ಒಳಗಿನಿಂದ ದಬದಬ ಸದ್ದು, ಅದರ ಜೊತೆಗೆ ಏನೋ ಗುಣುಗುಣು. ಅವಳಿಗೆ ಯಾವುದೋ ಮಂತ್ರ ಗೊತ್ತೆಂದು ಓಣಿಗೆ ಓಣಿಯೇ ನಂಬಿತ್ತು. ಗೋಡೆಗೆ ಗೋಡೆ ಹತ್ತಿದ ಮನೆಯ ಮೆಹಬೂಬಿ ಅದೆಷ್ಟೋ ವರ್ಷ ಗೋಡೆಗೆ ಕಿವಿ ಹಚ್ಚಿದ್ದಳು, ಬಾಯಿಬಿಟ್ಟು ಕೇಳಿಯೂ ಇದ್ದಳು.

"ಅದು ಹೇಳೂದಲ್ಲಬೇ," ಎನ್ನುತ್ತಿದ್ದಳು ಮೈಲವ್ವ. "ಹೇಳಿದರ ಹಿಟ್ಟು ಏಳೂದಿಲ್ಲ."

ಹೇಳಿದರೆ ತಾನು ಓಣಿಯಲ್ಲಿ ಬರೀ ತೊಟ್ಟು ಬಿಡಿಸುವ ಮೈಲವ್ವ ಆಗಿಬಿಡುತ್ತೇನೆ ಎಂಬುದು ಅವಳ ಒಳಗಿನ ಭಯ. ಹೊಲ ಇಲ್ಲ, ಓದು ಇಲ್ಲ, ಕೊರಳಲ್ಲಿ ಹೇಳಿಕೊಳ್ಳುವಂಥ ಬಂಗಾರ ಇಲ್ಲ. ಇದ್ದದ್ದು ಈ ಚಿಲಕ ಹಾಕಿದ ಕದ ಒಂದೇ.

ಎರಡು ಸಾವಿರದ ನಾಲ್ಕನೆಯ ಇಸವಿಯ ಸುಗ್ಗಿ. ಮಾರುಕಟ್ಟೆಯ ಘಾಟಿಗೆ ಊರೇ ಸೀನುತ್ತಿದ್ದ ಫೆಬ್ರುವರಿ. ಮೆಹಬೂಬಿಯ ಮಗಳು ಮೆಹನಾಜ ರಾಣೆಬೆನ್ನೂರಿನ ಗಂಡನ ಮನೆಯಿಂದ ತವರಿಗೆ ಬಂದಳು. ಚೊಚ್ಚಲ ಬಸುರಿ. ಬರುವಾಗಲೇ ಅವಳ ಮುಖ ಇಳಿದುಹೋಗಿತ್ತು. ಅನ್ನ ತಿಂದರೆ ಹೊರಗೆ, ರೊಟ್ಟಿ ತಿಂದರೆ ಹೊರಗೆ, ನೀರು ಕುಡಿದರೂ ಹೊರಗೆ. ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ ನಾಳೆ ಕರೆತನ್ನಿ, ಮಲಗಿಸಿ ಸಲೈನ್ ಹಚ್ಚಬೇಕಾಗುತ್ತದೆ ಎಂದು ಹಾವೇರಿಯ ಡಾಕ್ಟರು ಹೇಳಿದ್ದರು. ಹುಡುಗಿಗೆ ಸೂಜಿ ಎಂದರೆ ಜೀವಭಯ. ಮೆಹಬೂಬಿ ಕೇಳಿ ಕೇಳಿ ಸೋತಾಗ ಅವಳು ಗೋಡೆಯ ಕಡೆ ಮುಖ ಮಾಡಿ, ತಿಂದರೆ ಒಂದೇ ಒಂದು ತಿಂದೇನು ಎಂದಳು. ಮೈಲವ್ವ ದೊಡ್ಡವ್ವನ ಬೆಲ್ಲದ ದೋಸೆ.

ಮೆಹಬೂಬಿ ಬಂದು ಹೊಸ್ತಿಲಾಚೆಯೇ ನಿಂತಳು.

"ಯಕ್ಕಾ, ಸುಗ್ಗಿ ಐತಿ ಅಂತ ಗೊತ್ತೈತಿ. ನಿನ್ನ ಕೈ ಹೆಂಗ ಅದಾವಂತನೂ ಗೊತ್ತೈತಿ. ಕೇಳಬಾರದು, ಖರೇ..."

"ನೀ ಮಾಡಿ ನೋಡಿಲ್ಲೇನು?"

"ಮಾಡಿದೆ. 'ಅಮ್ಮಾ, ಇದು ದ್ವಾಸಿ ಅಲ್ಲ, ಚಪಾತಿಗೆ ಜ್ವರ ಬಂದಂಗ ಐತಿ' ಅಂದಳು."

ಮೈಲವ್ವ ನಗಲಿಲ್ಲ. ಆ ಹುಡುಗಿ ಅಂಬೆಗಾಲಿಡುತ್ತ ಈ ಮನೆಗೆ ಬಂದು, ಇದೇ ಹಂಚಿನ ಪಕ್ಕ ಕುಳಿತು ಹಲ್ಲು ಬರುವ ಮೊದಲೇ ದೋಸೆ ಚೀಪಿದವಳು. "ಹೋಗು, ಅಕ್ಕಿ ನೆನಿ ಹಾಕ್ತೇನಿ," ಎಂದಳು.

ಅಕ್ಕಿ ನೆನೆಯುವಷ್ಟರಲ್ಲಿ ಯುದ್ಧ ಶುರುವಾಯಿತು. ಒಂದು ಕಡೆ ಮೈಲವ್ವನ ಕೈಗಳು, ಇನ್ನೊಂದು ಕಡೆ ಗುಂಟೂರಿನ ಸೈನ್ಯ. ಮೊದಲು ಬಟ್ಟೆ ಸೋಪು ಮುನ್ನುಗ್ಗಿ ಸೋತು ಸಣ್ಣದಾಗಿ ಹಿಂದಿರುಗಿತು. ಹುಣಸೆಹಣ್ಣು ಹೋಯಿತು, ಒಲೆಯ ಬೂದಿ ಹೋಯಿತು. ಕೊಬ್ಬರಿ ಎಣ್ಣೆ ಶತ್ರುವಿನೊಡನೆ ಒಳಒಪ್ಪಂದ ಮಾಡಿಕೊಂಡು ಖಾರವನ್ನು ಮೊಣಕೈವರೆಗೂ ಕರೆದೊಯ್ದಿತು. ಕಡೆಗೆ ಮೈಲವ್ವ ಎರಡೂ ಕೈಗಳನ್ನು ಮಜ್ಜಿಗೆಯ ಗಡಿಗೆಯಲ್ಲಿ ಅದ್ದಿಕೊಂಡು ಧ್ಯಾನಕ್ಕೆ ಕುಳಿತಳು. ಒಂದೊಂದು ಅಸ್ತ್ರದ ನಂತರವೂ ಪರೀಕ್ಷೆಗೆ ಕರೆ ಬರುತ್ತಿದ್ದದ್ದು ಮಾಲತೇಶಪ್ಪನಿಗೆ.

"ಏನ್ರಿ, ನಾಲಗಿ ಚಾಚ್ರಿ."

"ಮತ್ತ ನಾನನ? ಈಗಷ್ಟ ಸುಟ್ಟೈತಿ!"

"ನಿಮ್ಮ ನಾಲಗಿ ಇದ್ದದ್ದಾದರೂ ಎದಕ? ಮಾತಾಡಾಕಂತೂ ಉಪಯೋಗ ಇಲ್ಲ. ಚಾಚ್ರಿ."

ಅವನು ಚಾಚಿದ. ಅವಳು ಬೆರಳಿಟ್ಟಳು. ಅವನ ಹುಬ್ಬು ನೆತ್ತಿಗೇರಿದ್ದನ್ನು ನೋಡಿ ಅವಳು ಫಲಿತಾಂಶ ತಿಳಿದುಕೊಂಡಳು.

ಮಾಲತೇಶಪ್ಪ ರುಬ್ಬಿಕೊಟ್ಟಿದ್ದ ಹಿಟ್ಟು ಬೆಳಿಗ್ಗೆ ಹುದುಗಿತ್ತು, ಬೆಲ್ಲದ ನೀರು ಸೋಸಿಯಾಗಿತ್ತು, ಕೈ ಮಾತ್ರ ಹಾಗೆಯೇ ಇತ್ತು. ಮೈಲವ್ವ ಚಿಲಕ ಹಾಕಿ, ಬಲಗೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಂದು ಪಾಲು ಹಿಟ್ಟಿನಲ್ಲಿ ಇಳಿಸಿದಳು. ಚೀಲದೊಳಗಿನ ಕೈಗೆ ಹಿಟ್ಟು ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂಬುದೇ ತಿಳಿಯಲಿಲ್ಲ. ಸಿಟ್ಟಿನಿಂದ ಬಡಿದಾಗ ಚೀಲ ಹರಿಯಿತು. ಆ ಹಿಟ್ಟಿನ ದೋಸೆಯನ್ನು ಮಾಲತೇಶಪ್ಪ ತಿಂದು ಬೆವರಿದ. ಅದರಲ್ಲಿ ಸಿಹಿ ಮುಂದೆ ಬಂದು ನಮಸ್ಕಾರ ಹೇಳುತ್ತಿತ್ತು, ಖಾರ ಹಿಂದಿನಿಂದ ಬಂದು ಕತ್ತು ಹಿಡಿಯುತ್ತಿತ್ತು.

ಗೋಡೆಯಾಚೆ ಮೆಹನಾಜ ಓಕರಿಸುವ ಸದ್ದು ಕೇಳಿತು. ಬೆಳಗಿನಿಂದ ಹೊಟ್ಟೆಯಲ್ಲಿ ಏನೂ ಇರದಿದ್ದರಿಂದ ಬರೀ ಸದ್ದು.

ಮೈಲವ್ವ ಉಳಿದ ಹಿಟ್ಟನ್ನು ನೋಡಿದಳು, ಚಿಲಕವನ್ನು ನೋಡಿದಳು. ಸ್ವಲ್ಪ ಹೊತ್ತು ಚಿಲಕವನ್ನೇ ನೋಡಿದಳು. ಆಮೇಲೆ ಅದನ್ನು ತೆಗೆದು ಹಿತ್ತಲಿಗೆ ಹೋಗಿ ಕೂಗಿದಳು.

"ಮೆಹಬೂಬೀ! ಕೈ ತೊಳಕೊಂಡು ಬಾ. ಬಳಿ ಮ್ಯಾಲೇರಿಸು."

ಮೆಹಬೂಬಿ ಬಂದಳು. ಆ ಅಡುಗೆಮನೆಯಲ್ಲಿ ಹಿಟ್ಟು ಬಡಿಯುವ ಹೊತ್ತಿನಲ್ಲಿ ಕಾಲಿಟ್ಟ ಮೊದಲ ಪರಕೀಯಳು ಅವಳು. ಪಾತೇಲಿಯ ಮುಂದೆ ಕುಳಿತು ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು.

"ಯಕ್ಕಾ, ಮಂತ್ರ ಯಾವುದು? ನಮ್ಮಂಥವರ ಬಾಯಾಗ ಬರತೈತೋ ಇಲ್ಲೋ?"

"ಎಲ್ಲಿ ಮಂತ್ರ, ನಿನ್ನ ತಲಿ! ಬೈತೇನಿ."

"ಯಾರಿಗೆ?"

"ಯಾರು ನೆನಪಾದರ ಅವರಿಗೆ. ಲಗ್ನ ಆಗಿ ಬಂದಾಗ ನಮ್ಮತ್ತಿ ಮುಂದ ಬಾಯಿ ತೆಗಿಯೂ ಹಂಗ ಇರಲಿಲ್ಲ. ಕದಾ ಹಾಕ್ಕೊಂಡು ಹಿಟ್ಟಿಗೆ ಹೇಳತಿದ್ದೆ. ಎಂದು ಭಾಳ ಬೈದೆ ಅಂದು ದ್ವಾಸಿ ಭಾಳ ಚಲೋ ಆದವು. 'ಹುಡುಗಿ ಕೈಗುಣ ದೊಡ್ಡದು' ಅಂತ ಅತ್ತಿ ತಾನ ಊರೆಲ್ಲಾ ಹೇಳಿಕೊಂಡು ಬಂದಳು, ಪಾಪ."

ಮೆಹಬೂಬಿ ಬಾಯಿ ತೆರೆದುಕೊಂಡು ಕುಳಿತಳು. ಅಷ್ಟು ವರ್ಷ ಗೋಡೆಗೆ ಕಿವಿ ಹಚ್ಚಿ ಭಕ್ತಿಯಿಂದ ಕೇಳಿದ್ದು ಬೈಗುಳವನ್ನು! ಮೈಲವ್ವನ ಮುಖ ಬಿಸಿಯಾಯಿತು. ಗಂಡನಿಗೂ ತೋರಿಸದ ಒಂದು ಚೂರು ಮೈಲವ್ವ ಈಗ ಹಗಲು ಬೆಳಕಿನಲ್ಲಿ ಕುಳಿತಿತ್ತು.

"ನೋಡೂದು ಸಾಕು. ಬಡಿ," ಎಂದಳು.

ಮೆಹಬೂಬಿ ಬಡಿಯಲು ಹೊರಟಳು. ಆದರೆ ಅವಳು ಜನ್ಮದಲ್ಲಿ ಯಾರನ್ನೂ ಬೈದವಳಲ್ಲ. ಮನೆಗೆ ನುಗ್ಗಿದ ಬೆಕ್ಕಿಗೂ "ಹೋಗಪಾ" ಎನ್ನುವವಳು. ಅವಳ ಕೈ ಹಿಟ್ಟಿನಲ್ಲಿ ಕೂಸು ಮಲಗಿಸುವಂತೆ ತಿರುಗಿತು. ಹಿಟ್ಟು ಹಾಯಾಗಿ ನಿದ್ದೆ ಹೋಯಿತು.

"ಬಡಿಯಂದರ ಸವರತೀಯಲ್ಲ! ಸಿಟ್ಟು ಮಾಡ್ಕೋ."

"ಯಾರ ಮ್ಯಾಲ ಸಿಟ್ಟು ಮಾಡ್ಲಿ ಯಕ್ಕಾ? ಎಲ್ಲಾರೂ ಚಲೋನ ಅದಾರ."

ಸೇನಾಧಿಪತಿ ಮೈಲವ್ವ ಯೋಚಿಸಿ ಕೊನೆಯ ಬಾಣ ಹೂಡಿದಳು. "ನಾ ಈ ಹಿಟ್ಟಿನಾಗ ನಿನಗ ಎಷ್ಟು ಬೈದೇನಿ ಗೊತ್ತೈತೇನು? ನಮ್ಮ ಹಿತ್ತಾಳಿ ಜರಡಿ ಒಯ್ದಾಕಿ ಇವತ್ತಿಗೂ ತಂದು ಕೊಟ್ಟಿಲ್ಲ. ಕಳ್ಳಿ ಅಂದೇನಿ, ನುಂಗಬುರುಕಿ ಅಂದೇನಿ."

ಮೆಹಬೂಬಿಯ ಕೈ ನಿಂತಿತು. "ನಾನು? ಕಳ್ಳಿ? ಜರಡಿ ಕೊಟ್ಟೇನಿ ನಾ!"

"ಯಾವಾಗ ಕೊಟ್ಟಿ?"

"ರಂಜಾನ್ ಆದ ಮರುದಿನ ಕೊಟ್ಟೇನಿ!" ದಬ್ ಎಂದು ಅಂಗೈ ಹಿಟ್ಟಿಗೆ ಬಿತ್ತು. "ಬಿಸಲಾಗ ಬಂದು ಕೊಟ್ಟೇನಿ!" ಮತ್ತೊಂದು ದಬ್. "ಅದರಾಗ ಶ್ಯಾವಿಗಿ ಬ್ಯಾರೆ ಇಟ್ಟು ಕೊಟ್ಟೇನಿ! ಶ್ಯಾವಿಗಿ ತಿಂದು ಮ್ಯಾಲೆ ಕಳ್ಳಿ ಅಂತಿ?"

"ಯಾವ ಶ್ಯಾವಿಗಿ? ನನ್ನ ಕಣ್ಣಿಗೆ ಬಿದ್ದಿಲ್ಲ!"

"ನಿನ್ನ ಗಂಡನ ಕೈಯಾಗ ಕೊಟ್ಟೇನಿ! ಅಂಗಡ್ಯಾಗ!"

ಇಬ್ಬರ ತಲೆಯೂ ಒಟ್ಟಿಗೇ ಕದದ ಕಡೆ ತಿರುಗಿತು. ಕದದಾಚೆ ಚಪ್ಪಲಿ ಮೆಟ್ಟಿಕೊಳ್ಳುವ ಸದ್ದು, ಅವಸರದ ಹೆಜ್ಜೆ ಕೇಳಿದವು. ಜರಡಿ ದರ್ಜಿ ಅಂಗಡಿಯಲ್ಲಿ ಗುಂಡಿ ತುಂಬಿಕೊಂಡು ಕುಳಿತಿತ್ತು. ಶ್ಯಾವಿಗೆಯ ಗತಿಯನ್ನು ಹೇಳುವುದು ಬೇಡ.

"ಒಬ್ಬನ ಕುಂತು ತಿಂದಾನ!" ಎಂದಳು ಮೈಲವ್ವ.

"ಒಂದು ಮಾತು ಹೇಳಿಲ್ಲ!" ಎಂದಳು ಮೆಹಬೂಬಿ. ದಬ್.

"ಹೊಟ್ಟಿಬಾಕ!"

ದಬ್.

"ಅವನ ಹೊಲಿಗಿ ಯಂತ್ರದ ಸೂಜಿ ಮುರೀಲಿ!"

"ಪಾಪ, ಸೂಜಿ ಬ್ಯಾಡ ಯಕ್ಕಾ, ದಾರ ಹರೀಲಿ!" ದಬ್ ದಬ್ ದಬ್.

ಮೆಹಬೂಬಿಯ ಸೆರಗು ಜಾರಿತು, ಬಳೆಗಳು ಗಲಗಲ ಎಂದವು. ಜೀವಮಾನವಿಡೀ ನುಂಗಿದ್ದೆಲ್ಲ ಅವಳ ಅಂಗೈಗೆ ಇಳಿದು ಬಂತು. ಮಾಲತೇಶಪ್ಪ ಮುಗಿದ ಮೇಲೆ ನಾದಿನಿ ಬಂದಳು, ತೂಕದಲ್ಲಿ ಮೋಸ ಮಾಡುವ ಕಿರಾಣಿಯವನು ಬಂದ, ಮಗಳನ್ನು ನೋಡಲು ಇನ್ನೂ ಬಾರದ ಅಳಿಯನೂ ಸಾಲಿಗೆ ಬಂದು ನಿಂತ. ಮೈಲವ್ವ ಪಕ್ಕದಲ್ಲಿ ಮೊಣಕಾಲೂರಿ, ಖಾರದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ತಳಕ್ಕ ಕೈ ಹಾಕು, ಅಂವಗ ಇನ್ನೊಂದು ಹಾಕು," ಎಂದು ಹುರಿದುಂಬಿಸಿದಳು. ಹಿಟ್ಟು ಬಣ್ಣ ತಿರುಗಿತು. ನೊರೆ ಹೊತ್ತು ಪಾತೇಲಿಯ ಕಂಠದವರೆಗೆ ಎದ್ದು ಬಂತು. ಮೈಲವ್ವನ ಎದೆಯಲ್ಲಿ ಒಂದು ಮುಳ್ಳು ಚುಚ್ಚಿದ್ದು ನಿಜ. ಮೊದಲ ಸಲಕ್ಕೇ ತನ್ನ ಕೈಯಲ್ಲೂ ಹೀಗೆ ಎದ್ದಿರಲಿಲ್ಲ.

ಸೌಟಿನ ಹಿಡಿಗೆ ಒಗೆದ ಬಟ್ಟೆ ಸುತ್ತಿ ಅವಳೇ ಹೊಯ್ದಳು. ಅದನ್ನಂತೂ ಇವತ್ತು ಬಿಟ್ಟುಕೊಡಲು ಆಗಲಿಲ್ಲ. ದೋಸೆ ಕಣ್ಣು ಬಿಟ್ಟಿತು, ಅಂಚು ಜರಿಯಾಯಿತು.

ತಾಯಿ ಕರೆತಂದ ಮೆಹನಾಜ ಅಡುಗೆಮನೆಯ ಗೋಡೆಗೊರಗಿ ಕುಳಿತು ಒಂದು ಚೂರು ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿ ಅಗಿದಳು, ನುಂಗಿದಳು. ಇಬ್ಬರು ಹೆಂಗಸರೂ ಉಸಿರು ಹಿಡಿದು ಅವಳ ಕೊರಳನ್ನೇ ನೋಡುತ್ತ ಕುಳಿತರು. ಅವಳು ಒಮ್ಮೆ ಎದೆ ಮುಟ್ಟಿಕೊಂಡಾಗ ಮೆಹಬೂಬಿ ಬೋಗುಣಿಗೆ ಕೈ ಚಾಚಿದಳು. ಹುಡುಗಿ ತೇಗಿದಳು, ಅಷ್ಟೇ. ಮತ್ತೊಂದು ಚೂರು ಮುರಿದಳು. ದೋಸೆ ಮುಗಿದ ಮೇಲೆ ಗೋಡೆಯ ನೆರಳು ಅಂಗಳಕ್ಕೆ ಜಾರುವ ತನಕ ಕಾದರು. ಅದು ಒಳಗೇ ನಿಂತಿತು.

"ದೊಡ್ಡವ್ವಾ," ಎಂದಳು ಮೆಹನಾಜ. "ಇನ್ನೊಂದು ಐತೇನು?"

"ನನ್ನ ಕೇಳಬ್ಯಾಡ. ಹಿಟ್ಟು ಬಡಿದಾಕಿ ನಿಮ್ಮವ್ವ. ಇನ್ಮ್ಯಾಲ ನಿನಗ ಹಾವೇರಿ ದವಾಖಾನಿನೂ ಬ್ಯಾಡ, ನನ್ನ ಸುಗ್ಗಿ ಮುಗಿಯೂದೂ ಬ್ಯಾಡ," ಎಂದಳು ಮೈಲವ್ವ. ಮಾತು ಮುಗಿಸಿದಾಗ ತನ್ನ ಬಳಿ ಇದ್ದದ್ದನ್ನು ಕೊಟ್ಟಾಯಿತು ಎಂದು ಅವಳಿಗೆ ಗೊತ್ತಾಯಿತು. ಅಂದುಕೊಂಡಷ್ಟು ನೋವಾಗಲಿಲ್ಲ. ಹಸಿವೆಯಾಗಿತ್ತು.

ಮೆಹಬೂಬಿ ತಾನೇ ಎದ್ದು ಇನ್ನೊಂದು ಸೌಟು ಹೊಯ್ದಳು. ಮಗಳಿಗೊಂದು ಕೊಟ್ಟು, ಮತ್ತೊಂದನ್ನು ಮುರಿದು ಮೈಲವ್ವನ ಮುಂದೆ ಬಂದು ಕುಳಿತಳು.

"ಬ್ಯಾಡಬೇ. ಈ ಕೈಲೆ ಹಿಡಿದರ ಅದೂ ಖಾರ ಆಗತೈತಿ."

"ಕೈ ಯಾರು ಕೇಳಿದರು? ಬಾಯಿ ತೆಗಿ."

ಮೈಲವ್ವ ಬಾಯಿ ತೆರೆದಳು. ಮೆಹಬೂಬಿ ತುತ್ತು ಇಟ್ಟಳು. ಮೈಲವ್ವ ನ್ಯಾಯಾಧೀಶರ ಗಾಂಭೀರ್ಯದಿಂದ ಅಗಿದಳು. ತಾಯಿ ಮಗಳು ಇಬ್ಬರೂ ತೀರ್ಪಿಗೆ ಕಾದರು.

"ಬೆಲ್ಲ ಒಂಚೂರು ಮುಂದಾಗೇತಿ," ಎಂದು ಹೇಳಿ ಮತ್ತೆ ಬಾಯಿ ತೆರೆದಳು.