ಶೇಷಮ್ಮನವರು ಬಿಡಿಸಿ ಹೇಳಿದ ವಂಕಿ

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ತಾಯಂದಿರ ಸೇವೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದು, ಈ 1969ರಲ್ಲಿ ನಿವೃತ್ತರಾಗುತ್ತಿರುವ ಮಿಡ್‌ವೈಫ್ ಶ್ರೀಮತಿ ಶೇಷಮ್ಮನವರನ್ನು ಕುರಿತು ಬರೆಯಲು ನನಗಿಂತ ಬಲ್ಲವರು ಬೇಕಾದಷ್ಟಿದ್ದಾರೆ. ಆದರೂ ಅವರಿಂದ ಜೀವ ಉಳಿಸಿಕೊಂಡವಳೊಬ್ಬಳ ಮಾತೂ ಈ ಅಭಿನಂದನ ಗ್ರಂಥದಲ್ಲಿರಲಿ ಎಂದು, ಅನ್ನ ಬೇಯುವಷ್ಟರಲ್ಲಿ ಒಂದಿಷ್ಟು, ಬಟ್ಟೆ ನೆನೆಯುವಷ್ಟರಲ್ಲಿ ಒಂದಿಷ್ಟು ಬರೆದಿದ್ದೇನೆ.

ತೀರ್ಥಹಳ್ಳಿಯಲ್ಲಿ ಕೆಲಸ ಆರಂಭಿಸಿದ ಅವರು, ಹೊಸನಗರದಲ್ಲಿದ್ದಾಗ ಹುಲಿಕಲ್ಲಿನವರೆಗೂ ಹೋಗಿ ಹೆರಿಗೆ ಮಾಡಿಸಿದವರು. ಜೋಗಕ್ಕೆ ವರ್ಗವಾಗಿ ಬಂದದ್ದು 1964ರಲ್ಲಿ. ನನ್ನ ಯಜಮಾನರು ಅಲ್ಲಿನ ವಿದ್ಯುದಾಗಾರದ ನೌಕರರು. 1966ರಲ್ಲಿ, ಮೂರನೆಯ ಹೆರಿಗೆಯಲ್ಲಿ, ನಾನು ಸತ್ತು ಬದುಕಿದ್ದು ಶೇಷಮ್ಮನವರ ಕೈಗುಣದಿಂದಲೇ. ಇನ್ನು ಮೂರು ವರ್ಷ ಬಸಿರು ಕೂಡದೆಂದು ಆಸ್ಪತ್ರೆಯ ಡಾಕ್ಟರಮ್ಮ ಎಚ್ಚರಿಸಿದ್ದರು. ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ‘ಲೂಪು’ ಆಗಷ್ಟೇ ಬಂದಿತ್ತು. ಅದು ಕಬ್ಬಿಣದ್ದು, ಎದೆಗೇರುತ್ತದೆ ಎಂಬ ಸುದ್ದಿ ಕಾಲನಿಯಲ್ಲೆಲ್ಲ ಹಬ್ಬಿದ್ದರಿಂದ ಅತ್ತೆ ಯಮುನಮ್ಮನವರು ಸುತರಾಂ ಒಪ್ಪಲಿಲ್ಲ.

ಹೆಸರೂ ಅರ್ಥವೂ ತಿಳಿಯದ ವಸ್ತುವನ್ನು ಯಾರಿಗೂ ಹಾಕಿಸಬಾರದು, ಮನೆಯ ಹಿರಿಯರು ಕೈಯಲ್ಲಿ ಹಿಡಿದು ನೋಡುವವರೆಗೆ ಆಸ್ಪತ್ರೆಗೆ ಕರೆಯಬಾರದು ಎಂಬುದು ಶೇಷಮ್ಮನವರ ಪದ್ಧತಿ. ಒಂದು ದಿನ ನಮ್ಮ ಮನೆಗೆ ಬಂದು, ಅಕ್ಕಿ ಆರಿಸುತ್ತಿದ್ದ ಅತ್ತೆಯ ಮೊರದ ಪಕ್ಕ ಕುಳಿತು ಅವರೂ ಕಲ್ಲು ಹೆಕ್ಕತೊಡಗಿದರು.

“ಎಂತದು ಆ ಲೂಪು ಅಂದ್ರೆ?” ಎಂದರು ಅತ್ತೆ.

“ಕುಣಿಕೆ ಅಂತ, ಯಮುನಕ್ಕಾ. ಇಂಗ್ಲಿಷಿನವ್ರ ಮಾತು. ನಮ್ಮಲ್ಲಿ ವಂಕಿ ಅಂತಾರೆ. ವಕ್ರ ಅನ್ನೋದು ವಂಕ ಆಯ್ತು, ಬಾಗಿರೋದು ಅಂತ. ತೋಳಿಗೆ ಹಾಕೋ ವಂಕಿಗೂ ಅದಕ್ಕೇ ಆ ಹೆಸರು.”

“ಚಿನ್ನದ ಹೆಸರಿಟ್ಟು ಕಬ್ಬಿಣ ಮಾರ್ಬೇಡ ಮಾರಾಯ್ತಿ!”

ಶೇಷಮ್ಮನವರು ನಗುತ್ತ ಬಿಳಿಯ ಲೂಪೊಂದನ್ನು ಅತ್ತೆಯ ಅಂಗೈಗಿಟ್ಟರು. ಪ್ಲಾಸ್ಟಿಕ್ಕು. ಅತ್ತೆ ಎಳೆದು ನೆಟ್ಟಗೆ ಮಾಡಿದರು. ಬಿಟ್ಟೊಡನೆ ಅದು ಸುರುಳಿಗೊಂಡಿತು. ಇನ್ನೊಮ್ಮೆ ಎಳೆದು ನೋಡಿದರು.

“ಬೇಡ ಅಂದಾಗ ತೆಗೀಬಹುದಾ?”

“ಅವ್ಳು ಹೇಳಿದ ದಿನವೇ ತೆಗೆಸ್ತೀನಿ.”

“ಹಂಗಾದ್ರೆ ಗುರುವಾರ ಆಸ್ಪತ್ರೆಗೆ ನಾನೂ ಬರ್ತೀನಿ. ಇವ್ಳೊಬ್ಳೇ ಹೆದರ್ತಾಳೆ,” ಎಂದರು ಅತ್ತೆ.

ವಂಕಿ ಹಾಕಿಸಿಕೊಂಡ ಮೊದಲ ತಿಂಗಳು ಹೆಚ್ಚು ರಕ್ತ ಹೋಗಿ ನಾನು ಧೈರ್ಯಗೆಟ್ಟೆ. ಶೇಷಮ್ಮನವರು ದಿನ ಬಿಟ್ಟು ದಿನ ಬಂದರು, ಡಾಕ್ಟರಮ್ಮನಿಗೂ ತೋರಿಸಿದರು. ಇಟ್ಟುಕೋ ಎಂದು ಒಮ್ಮೆಯೂ ಒತ್ತಾಯಿಸಲಿಲ್ಲ. “ಇವತ್ತು ತೆಗೆಸ್ಲಾ?” ಎಂದಷ್ಟೇ ಪ್ರತಿ ಸಲ ಕೇಳುವರು. ಹಾಗೆ ಕೇಳುವವರು ಇದ್ದಾರೆಂಬ ನೆಮ್ಮದಿಯಲ್ಲೇ ನಾನು ತಡೆದುಕೊಂಡೆ. ಎರಡನೆಯ ತಿಂಗಳಿಗೆ ಸರಿಹೋಯಿತು.

ಡಾಕ್ಟರಮ್ಮ ಹೇಳಿದ ಮೂರು ವರ್ಷ ಈಗ ತುಂಬಿದೆ. ಮೈಯಲ್ಲಿ ಶಕ್ತಿ ಬಂದಿದೆ. ಇನ್ನೊಂದು ಮಗು ಬೇಕೆನಿಸಿ, ಡಾಕ್ಟರಮ್ಮನೂ ಹೂಂ ಎಂದ ಮೇಲೆ, ಕಳೆದ ವಾರ ವಂಕಿ ತೆಗೆಸಿಕೊಂಡೆ. ಶೇಷಮ್ಮನವರು ನನ್ನ ಕೈ ಹಿಡಿದು ನಿಂತಿದ್ದರು.

ಅವರಿಗೆ ದೀರ್ಘಾಯುಷ್ಯವನ್ನೂ ಆರೋಗ್ಯವನ್ನೂ ಭಗವಂತ ಕರುಣಿಸಲಿ. ನಿವೃತ್ತಿ ಸರ್ಕಾರದ ಕೆಲಸಕ್ಕೆ ಮಾತ್ರ. ಮುಂದಿನ ಹೆರಿಗೆಗೂ ಅವರೇ ಬರಬೇಕೆಂದು ಅತ್ತೆ ಈಗಲೇ ಹೇಳಿಕಳುಹಿಸಿದ್ದಾರೆ.