ಹೆಬ್ಬಾಳದ ಮಂಟಪದ ಫೋಟೋ

ಅರವತ್ತರ ದಶಕದಲ್ಲಿ ಯಲಹಂಕದ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರಿದ್ದರು. ಭಾನುವಾರ ಬಂತೆಂದರೆ ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿಕೊಂಡು, ಸೈಕಲ್ ಹತ್ತಿ, ಹಳೇ ಗುಡಿ, ಮಂಟಪ, ಊರಬಾಗಿಲುಗಳ ಫೋಟೋ ತೆಗೆಯಲು ಹೊರಡುತ್ತಿದ್ದರು. ಚಿತ್ರದಲ್ಲಿ ಕಟ್ಟಡ ಬಿಟ್ಟು ಬೇರೇನೂ ಇರಕೂಡದು. "ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದು ಕೈಯಾಡಿಸಿ ಎಲ್ಲರನ್ನೂ ಸರಿಸುತ್ತಿದ್ದರು. ದನ ಅಡ್ಡ ನಿಂತರೂ ಅದೇ ಮಾತು, ಅದೇ ಮರ್ಯಾದೆ.

ರಸ್ತೆ ಅಗಲ ಮಾಡಲು ಹೆಬ್ಬಾಳದ ಹತ್ತಿರ ಒಂದು ಕಲ್ಲುಮಂಟಪ ಕೆಡವುತ್ತಾರೆಂದು ತಿಳಿದು ಒಂದು ಬೆಳಿಗ್ಗೆ ಹೊರಟರು. ನಾನೂ ಜೊತೆಗೆ ಹೋದೆ. ಕೂಲಿಯವರು ಹಾರೆ ಹಿಡಿದು ನಿಂತಿದ್ದರು. ಮೆಟ್ಟಿಲ ಮೇಲೆ ಅದೇ ಊರಿನ ಅಜ್ಜಿಯೊಬ್ಬಳು ಕೂತಿದ್ದಳು.

"ಸ್ವಲ್ಪ ಪಕ್ಕಕ್ಕೆ ಬನ್ನಿ, ಅಮ್ಮ."

"ನಾ ಏಳಾಕಿಲ್ಲ ಸಾಮಿ. ನನ್ ಮದ್ವೆ ಆಗಿದ್ದು ಇಲ್ಲೇಯ."

ಮೇಷ್ಟ್ರು ಕ್ಯಾಮೆರಾ ಕೆಳಗಿಳಿಸಿದರು. ಆಮೇಲೆ, "ಸರಿ, ಅಲ್ಲೇ ಕೂತಿರಿ" ಎಂದು ಆಕೆಯ ಸಮೇತ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಮಂಟಪ ಇರಲಿಲ್ಲ.

ಪ್ರಿಂಟ್ ಹಾಕಿಸಿ, ಮನೆ ಹುಡುಕಿಕೊಂಡು ಹೋಗಿ ಕೊಟ್ಟರು. ಅಜ್ಜಿ ಫೋಟೋದಲ್ಲಿ ತನ್ನ ಮುಖ ನೋಡಿಕೊಳ್ಳಲೇ ಇಲ್ಲ. ಎಡಗಡೆ ಕಂಬದ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ತಾಳಿ ಇಡ್ಕಂಡು ನಮ್ಮೆಜಮಾನ್ರು ಇಲ್ಲಿ ನಿಂತಿದ್ರು."